ಇಪ್ಪತ್ತೈದನೆಯ ಕಂಬಳಿ

ಹೊನವಾಡದ ಹೊಳೆವ್ವನ ಬಗ್ಗೆ ಬರೆಯಬೇಕಾದರೆ ಮೊದಲು ನನ್ನ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಅವಳ ಹೆಸರು ಕೆಟ್ಟದ್ದು ನನ್ನಿಂದ. ನಾನು ಶಂಕ್ರೆಪ್ಪ, ಊರು ಬಬಲೇಶ್ವರ. ಬಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿದ್ದ ಕಂಬಳಿ ನೇಕಾರರ ಸಂಘದಲ್ಲಿ ಕಾರಕೂನನಾಗಿದ್ದೆ. ನೂಲು ತೂಗಿ ಕೊಡುವುದು, ನೇಯ್ದು ತಂದ ಕಂಬಳಿ ತೂಗಿ ತೆಗೆದುಕೊಳ್ಳುವುದು ನನ್ನ ಕೆಲಸ. ಶೇಕಡಾ ಲೆಕ್ಕವೆಂದರೆ ಶಂಕ್ರೆಪ್ಪನದೇ ಎಂದು ಸಂಘದವರು ಹೊಗಳುತ್ತಿದ್ದರು. ನಾನು ಅದನ್ನು ನಂಬಿ ಮೀಸೆ ತಿರುವುತ್ತಿದ್ದೆ. ಮೀಸೆ ಈಗಲೂ ಇದೆ, ಕನ್ನಡಿಯಲ್ಲಿ ಕಂಡಾಗ ಕಿತ್ತು ಹಾಕಬೇಕೆನಿಸುತ್ತದೆ. ಸಂಘ ಮುಚ್ಚಿ ಈಗ ವರ್ಷವಾಯಿತು. ಇನ್ನು ಬರೆದರೆ ಯಾರ ಮಗ್ಗವೂ ನಿಲ್ಲುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಹೊಳೆವ್ವ ಕುರುಬರ ಹೆಣ್ಣುಮಗಳು. ಅವರಲ್ಲಿ ಹೆಂಗಸರು ಉಣ್ಣೆ ನೂಲುತ್ತಾರೆ, ಗಂಡಸರು ನೇಯುತ್ತಾರೆ. ಮನೆಯೊಳಗೆ ನೆಲದಲ್ಲಿ ಒಂದು ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅವರದು. ಹೊಳೆವ್ವನ ಗಂಡ ರಾಮಲಿಂಗ ಜ್ವರ ಬಂದು ಎಂಟೇ ದಿನಕ್ಕೆ ತೀರಿಕೊಂಡಾಗ ಮಗ್ಗದ ಮೇಲೆ ಅರ್ಧ ನೇಯ್ದ ಕಂಬಳಿ ಉಳಿದಿತ್ತು. ದಿನಕರ್ಮ ಮುಗಿದ ಮರುದಿನ ಹೊಳೆವ್ವ ಕುಣಿಗೆ ಇಳಿದಳು. ಹೊನವಾಡದ ನೇಕಾರರಿಗೆಲ್ಲ ಹಿರಿಯನಾದ ಅಮೋಘಿ ಅವಳ ಬಾಗಿಲಿಗೆ ಬಂದು, ಹೆಣ್ಣುಮಗಳು ಮಗ್ಗದ ಕುಣಿಗೆ ಇಳಿಯುವುದೆಂದರೇನು ಎಂದು ಗದರಿದನಂತೆ. ಅವಳು ತಲೆ ಎತ್ತದೆ, "ಕುಣಿ ನನ್ ಗಂಡ ತೋಡಿದ್ದು, ಮಾವಾ. ಅವನ ಕೆಲಸ ಅರ್ಧ ಉಳದೈತಿ," ಎಂದು ಲಾಳಿ ಎಸೆದಳಂತೆ.

ಎರಡೇ ವರ್ಷದಲ್ಲಿ ಅವಳ ಕೈಯ ಕಂಬಳಿಗೆ ಹೆಸರು ಬಂತು. ಸುತ್ತಲಿನ ಕುರಿಗಾರರು ತಮ್ಮ ಉಣ್ಣೆಯನ್ನು ಹುಡುಕಿಕೊಂಡು ಬಂದು ಅವಳಿಗೇ ಕೊಡತೊಡಗಿದರು. ಈ ಕೊಡುವುದರಲ್ಲಿ ಒಂದು ಸೂಕ್ಷ್ಮವಿದೆ. ಕತ್ತರಿಸಿದ ಉಣ್ಣೆಯಲ್ಲಿ ಮಣ್ಣು, ಜಿಡ್ಡು, ಮುಳ್ಳು ಎಲ್ಲ ಇರುತ್ತದೆ. ತೊಳೆದು, ನೂತು, ನೇಯ್ದ ಮೇಲೆ ಎಷ್ಟು ಉಳಿಯಬೇಕಿತ್ತು ಎಂದು ಕೊಟ್ಟವನಿಗೆ ಗೊತ್ತಾಗುವುದಿಲ್ಲ. ನಂಬಿಕೆಯ ಮೇಲೆ ನಡೆಯುವ ಕಸುಬು. ಅದಕ್ಕೇ ಆ ಜನರಲ್ಲಿ ಕುಡುಕ ಎಂದರೆ ನಕ್ಕಾರು, ನೂಲುಗಳ್ಳ ಎಂದರೆ ಅವನ ಮನೆಯ ಮಗ್ಗ ಮುಗಿಯಿತು.

ಸಂಘಕ್ಕೆ ಅವಳು ಬರುತ್ತಿದ್ದದ್ದು ಹೊನವಾಡದಿಂದ ತಿಕೋಟಾ ಮೇಲೆ ಬರುವ ಮೊದಲ ಬಸ್ಸಿಗೆ. ಗಂಟನ್ನು ಬಸ್ಸಿನ ಟಾಪಿನ ಮೇಲೆ ಹಾಕಲು ಕಂಡಕ್ಟರನಿಗೆ ಬಿಡುತ್ತಿರಲಿಲ್ಲ. ಸೀಟು ಖಾಲಿಯಿದ್ದರೂ ಗಂಟಿನ ಮೇಲೆಯೇ ಕೂತು ಬರುತ್ತಿದ್ದಳು. ಹುಣಸೆ ಬೀಜದ ಗಂಜಿಯ ವಾಸನೆ ಅವಳಿಗಿಂತ ಮೊದಲು ಆಫೀಸಿನೊಳಗೆ ಬರುತ್ತಿತ್ತು. ಕಂಬಳಿಗೆ ಬಿಗುವು ಬರಲೆಂದು ಹಚ್ಚುವ ಗಂಜಿ ಅದು. ಮಾತು ಕಡಿಮೆ. ನಕ್ಕರೆ ಮಾತ್ರ ದೊಡ್ಡದಾಗಿ ನಗುತ್ತಿದ್ದಳು, ಆ ನಗು ನನಗೆ ಇಷ್ಟವಾಗುತ್ತಿತ್ತು.

ಎಪ್ಪತ್ಮೂರರಲ್ಲಿ ಸಂಘಕ್ಕೆ ಸರಕಾರದಿಂದ ಒಂದು ದೊಡ್ಡ ಆರ್ಡರು ಬಂತು. ರಾತ್ರಿ ಪಾಳಿ ಕಾಯುವವರಿಗೆ ಕಂಬಳಿ ಬೇಕು; ಆದರೆ ತಲೆಯ ಮೇಲಿಂದ ಹೊದ್ದುಕೊಂಡರೆ ಕಾಲಿಗೆ ಸಾಲುವುದಿಲ್ಲ, ಉದ್ದ ಹೆಚ್ಚು ಮಾಡಿ ಎಂದು ಬರೆದಿದ್ದರು. ನಮ್ಮ ಕಂಬಳಿ ಏಳೂವರೆ ಫೂಟು ಉದ್ದ, ಐದು ಫೂಟು ಅಗಲ. ಒಂದಕ್ಕೆ ಎರಡೂವರೆ ಕಿಲೋ ನೂಲು ಕೊಡುತ್ತಿದ್ದೆವು. ಚೇರಮನ್ ಶಿವಯೋಗೆಪ್ಪನವರಿಗೆ ಗಾಂಧಿ ಚೌಕದಲ್ಲಿ ಅರಿವೆ ಅಂಗಡಿಯಿತ್ತು. ಅಳತೆಯ ವಿಷಯದಲ್ಲಿ ಯಾರ ಮಾತನ್ನೂ ಕೇಳುವವರಲ್ಲ, ನನ್ನ ಮಾತೊಂದನ್ನು ಬಿಟ್ಟು.

"ಉದ್ದ ಹೆಚ್ಚ ಮಾಡಿದ್ರ ನೂಲ ಹೆಚ್ಚ ಬೇಕಾಗ್ತದಲ್ಲೋ ಶಂಕ್ರೆಪ್ಪ," ಎಂದರು ಅವರು.

ನಾನು ಕಾಗದ ತೆಗೆದುಕೊಂಡೆ. "ಉದ್ದ ನೂರಕ್ಕ ಇಪ್ಪತ್ತು ಹೆಚ್ಚಿಸೋಣ್ರಿ, ಒಂಬತ್ತು ಫೂಟ ಆಗ್ತದ. ಅಗಲ ನೂರಕ್ಕ ಇಪ್ಪತ್ತು ಇಳಸೋಣು, ನಾಕು ಫೂಟ. ಇಪ್ಪತ್ತು ಏರಿತು, ಇಪ್ಪತ್ತು ಇಳೀತು. ನೂಲು ಅಷ್ಟಕ್ಕಷ್ಟ."

ಚೇರಮನ್ನರು ನನ್ನ ಬೆನ್ನು ತಟ್ಟಿದರು. ಆರ್ಡರು ಕೊಟ್ಟ ಕಡೆಯಿಂದ ಬಂದ ಸಾಹೇಬರಿಗೂ ಆ ಕಾಗದ ತೋರಿಸಿದರು. ನನ್ನ ನೌಕರಿ ಕಾಯಂ ಮಾಡುವ ಮಾತು ಅಂದೇ ಅವರ ಬಾಯಿಂದ ಬಂತು.

ಹೊನವಾಡದಲ್ಲಿ ಹನ್ನೆರಡು ಮಗ್ಗಗಳಿದ್ದವು. ಹನ್ನೆರಡೂ ಮನೆಯವರನ್ನು ಕರೆಸಿ ಒಂದೊಂದು ಮನೆಗೆ ಇಪ್ಪತ್ನಾಲ್ಕು ಕಂಬಳಿಯ ನೂಲು, ಅಂದರೆ ಅರವತ್ತು ಕಿಲೋ, ತೂಗಿ ಕೊಟ್ಟೆ. ಹೊಸ ಅಳತೆ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಹೊಳೆವ್ವ ಮಾತ್ರ ಗೋಡೆಯ ಹತ್ತಿರ ನಿಂತು ಗಾಳಿಯಲ್ಲಿ ಗೇಣು ಹಾಕುತ್ತಿದ್ದಳು, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ.

"ಕಾರಕೂನ್ರ, ಇದ್ರಾಗ ನೂಲ ಉಳೀತದರಿ," ಎಂದಳು.

"ಹೆಂಗ ಉಳೀತದ? ಇಪ್ಪತ್ತು ಕೊಟ್ಟೆ, ಇಪ್ಪತ್ತು ತೊಗೊಂಡೆ. ಕೈಯಾಗ ಏನ ಉಳೀತು?"

"ಏನೂ ಇಲ್ರಿ."

"ಏನೂ ಇಲ್ಲಂದ್ರ ನೂಲೂ ಇಲ್ಲ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಹೋಗುವಾಗ ಬಾಗಿಲಲ್ಲಿ ನಿಂತು, "ಮಗ್ಗಕ್ಕ ಶೇಕಡಾ ತಿಳ್ಯೂದಿಲ್ಲ ನೋಡ್ರಿ," ಎಂದಳು. ಅದು ತಮಾಷೆ ಎಂದುಕೊಂಡೆ.

ಮೂರು ತಿಂಗಳಿಗೆ ಕಂಬಳಿಗಳು ಬರತೊಡಗಿದವು. ಅಮೋಘಿಯದು ಮೊದಲು ಬಂತು. ಒಂದೊಂದನ್ನೇ ತಕ್ಕಡಿಗೆ ಹಾಕಿದೆ, ಪ್ರತಿಯೊಂದೂ ಎರಡೂವರೆ ಕಿಲೋ. ಹಪ್ಪಳದ ಹಾಗೆ ಬಿರುಸಾಗಿದ್ದವು, ಅದನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಉಳಿದವರದೂ ಹಾಗೆಯೇ ಬಂದವು, ತೂಕ ಸರಿ. ನನ್ನ ಕಾಗದ ಗೆದ್ದಿತು ಎಂದು ಹಿಗ್ಗಿದೆ.

ಹೊಳೆವ್ವ ಕೊನೆಗೆ ಬಂದಳು. ಎರಡು ಗಂಟು, ಒಂದು ದೊಡ್ಡದು, ಒಂದು ಸಣ್ಣದು. ಚೇರಮನ್ನರೂ ಅಂದು ಆಫೀಸಿನಲ್ಲಿದ್ದರು. ಹೊಸ್ತಿಲು ದಾಟುವಾಗಲೇ ಅವಳು, "ಇಪ್ಪತ್ತೈದ ಅದಾವರಿ ಕಾರಕೂನ್ರ," ಎಂದಳು.

"ಇಪ್ಪತ್ನಾಕ ಅನ್ನವಾ, ಎಣಿಸೂದು ಮರತಿ ಏನು?" ಎಂದು ನಾನು ದೊಡ್ಡ ಗಂಟನ್ನು ಎಳೆದುಕೊಂಡೆ. ಇಪ್ಪತ್ತೈದು ಎಂದ ಮಾತು ನನ್ನ ಕಿವಿಗೆ ಬಿದ್ದಿತ್ತು. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆಯುತ್ತಿದ್ದೇನೆ, ಮುಂದೆ ನಾನು ಅದನ್ನು ಕೇಳಿಯೇ ಇಲ್ಲದವನಂತೆ ನಿಂತೆ.

ಮೊದಲ ಕಂಬಳಿ ಎರಡು ಕಿಲೋ ನಾನ್ನೂರು ಗ್ರಾಂ ತೂಗಿತು. ನೂರು ಗ್ರಾಂ ಕಡಿಮೆ. ಎರಡನೆಯದೂ ಅಷ್ಟೇ, ಮೂರನೆಯದೂ ಅಷ್ಟೇ. ಚೇರಮನ್ನರು ಎದ್ದು ಬಂದು ತಕ್ಕಡಿಯ ಹತ್ತಿರ ನಿಂತರು. ಹತ್ತನೆಯದಕ್ಕೆ ಅವರ ಮುಖ ಕೆಂಪಾಗಿತ್ತು.

"ಏನಬೇ ಇದು? ಎಲ್ಲಾರದೂ ತೂಕ ಸರಿ ಬಂದೈತಿ, ನಿಂದಷ್ಟ ಹೆಂಗ ಕಮ್ಮಿ? ನೂಲ ಎಲ್ಲಿ ಹೋತು?"

ಹೊಳೆವ್ವ ಸಣ್ಣ ಗಂಟು ಬಿಚ್ಚಿದಳು. ಅದರಲ್ಲಿ ಇನ್ನೊಂದು ಕಂಬಳಿ. "ಇಲ್ಲೇ ಐತಲ್ರಿ. ಉಳದ ನೂಲ ಹಂಗ ತಂದ್ರ ಉಂಡಿ ಕಳದ ಹೋದಾವು ಅಂತ ನೇದ ತಂದೇನಿ."

"ಸಿಕ್ಕ ಬಿದ್ದಕೂಡ್ಲೆ ಹೊರಗ ತಗದಿ," ಎಂದರು ಚೇರಮನ್ನರು. "ಇಪ್ಪತ್ನಾಕರಾಗೂ ತೆಳ್ಳಗ ನೇದು, ಕದ್ದ ನೂಲಿಲೆ ನಿನಗೊಂದ ಮಾಡ್ಕೊಂಡಿದ್ದಿ."

ಅವಳು ನನ್ನ ಕಡೆ ನೋಡಿದಳು. ಬಂದಕೂಡಲೇ ಹೇಳಿದ್ದೆನಲ್ಲ ಎನ್ನುವ ನೋಟ ಅದು. ನಾನು ಒಂದು ಮಾತು ಆಡಬೇಕಿತ್ತು. ಅದೂ ಬೇಡ, ಇಪ್ಪತ್ತೈದನ್ನೂ ಕೂಡಿಸಿ ತೂಗಿದ್ದರೆ ಸಾಕಿತ್ತು, ಸರಿಯಾಗಿ ಅರವತ್ತು ಕಿಲೋ ಬರುತ್ತಿತ್ತು, ಅವಳು ಒಯ್ದಷ್ಟೇ. ಆದರೆ ನನ್ನ ಕಾಗದದ ಪ್ರಕಾರ ನೂಲು ಉಳಿಯುವಂತೆಯೇ ಇರಲಿಲ್ಲ. ನೂಲು ಉಳಿದದ್ದು ಖರೆಯಾದರೆ ನನ್ನ ಲೆಕ್ಕ ಸುಳ್ಳು. ನಾನು ತಕ್ಕಡಿಯ ಬಟ್ಟುಗಳನ್ನು ಸಾಲಾಗಿ ಜೋಡಿಸುತ್ತ ನಿಂತೆ.

ಸಂಘದಿಂದ ಅವಳ ಹೆಸರು ತೆಗೆದರು. ಇಪ್ಪತ್ತೈದನೆಯ ಕಂಬಳಿಯನ್ನು ಎಲ್ಲಿ ಇಡಬೇಕೆಂದು ಯಾರೂ ಹೇಳಲಿಲ್ಲ. ಎರಡು ದಿನ ನನ್ನ ಕುರ್ಚಿಯ ಹಿಂದೆ ಬಿದ್ದಿತ್ತು. ಶನಿವಾರ ಊರಿಗೆ ಹೊರಟಾಗ ಅದನ್ನು ಚೀಲಕ್ಕೆ ಹಾಕಿಕೊಂಡೆ, ಅವ್ವನಿಗೆ ಚಳಿ, ಸೋಮವಾರ ತಿರುಗಿ ತಂದರಾಯಿತು ಎಂದು. ಆ ಸೋಮವಾರ ಬರಲಿಲ್ಲ. ಹೊಳೆವ್ವನನ್ನು ಕಳ್ಳಿ ಎಂದ ಸಂಘದಿಂದ ನಿಜವಾಗಿ ಹೊರಗೆ ಹೋದ ಕಂಬಳಿ ಅದೊಂದೇ, ಅದನ್ನು ಒಯ್ದವನು ನಾನು.

ನಮ್ಮವ್ವ ಮುರಿಗೆವ್ವನಿಗೆ ಕಂಬಳಿ ಬಹಳ ಹಿಡಿಸಿತು. "ಯಾರ ಕೈಯಪ್ಪಾ ಇದು? ಒಂದ ಎಳಿ ಜಗ್ಗಿಲ್ಲ ನೋಡು," ಎಂದು ಅಂಚು ಸವರಿ ಸವರಿ ನೋಡುತ್ತಿದ್ದಳು. ಸಂಘದಲ್ಲಿ ಸಿಕ್ಕಿತು ಎಂದೆ.

ಮರುವರ್ಷ ಸಂಘಕ್ಕೆ ಒಂದು ಹೊಸ ಕೋಣೆ ಕಟ್ಟಿಸಿದೆವು. ಕೆಳಗೆ ನೆಲಕ್ಕೆ ಶಹಾಬಾದ ಫರಸಿಕಲ್ಲು ಹಾಕುವುದು. ಉದ್ದಕ್ಕೆ ಹತ್ತು, ಅಡ್ಡಕ್ಕೆ ಹತ್ತು, ಒಟ್ಟು ನೂರು ಫರಸಿ ತರಿಸಿದ್ದೆ. ಆಮೇಲೆ ರಸ್ತೆಯ ಬದಿಗೆ ಜಾಗ ಬಿಡಬೇಕೆಂದು ಕೋಣೆಯ ಅಗಲ ಎರಡು ಫರಸಿಯಷ್ಟು ಕಡಿಮೆ ಮಾಡಿ, ಹಿಂದಕ್ಕೆ ಎರಡು ಫರಸಿಯಷ್ಟು ಉದ್ದ ಹೆಚ್ಚಿಸಿದರು. ಕೆಲಸ ಮುಗಿದ ದಿನ ಗೌಂಡಿ ಅಬ್ದುಲಗನಿ ನನ್ನ ಮೇಜಿನ ಹತ್ತಿರ ಬಂದ.

"ನಾಕ ಫರಸಿ ಉಳದಾವರಿ ಸಾಹೇಬ್ರ. ಹೊರಗ ಇಟ್ಟೇನಿ, ನೋಡಕೋರಿ."

"ಹೆಂಗ ಉಳೀತಾವೋ? ಎರಡ ಕಮ್ಮಿ, ಎರಡ ಹೆಚ್ಚು. ಎಲ್ಲ್ಯಾರ ಹಾಕೂದು ಬಿಟ್ಟಿರಬೇಕು ನೋಡು."

ಅವನು ನನ್ನ ಮುಖ ನೋಡಿ ನಕ್ಕ. "ಹತ್ತ ಹತ್ಲೆ ನೂರು. ಹನ್ನೆರಡ ಎಂಟ್ಲೆ ತೊಂಬತ್ತಾರು. ಸಾಲಿಗೆ ಹೋಗದ ನಾನ ಬಲ್ಲೆ, ನೀವು ಕೇಳ್ತೀರಲ್ರಿ."

ಅವನು ಹೋದ ಮೇಲೆ ಎದ್ದು ಹೊಸ ಕೋಣೆಗೆ ಹೋದೆ. ಸುಣ್ಣದ ಹಸಿವಾಸನೆ ಇನ್ನೂ ಹೋಗಿರಲಿಲ್ಲ. ಮೊದಲು ತೆಗೆದ ಎರಡು ಸಾಲು ಹತ್ತು ಹತ್ತು ಫರಸಿಯದು, ಇಪ್ಪತ್ತು ಹೋಯಿತು. ಸೇರಿಸಿದ ಎರಡು ಸಾಲು ಕಿರಿದಾದ ಕೋಣೆಯಲ್ಲಿ ಕೂತದ್ದು, ಎಂಟೆಂಟರದು, ಬಂದದ್ದು ಹದಿನಾರೇ. ನೂರಕ್ಕೆ ಇಪ್ಪತ್ತು ಎಂಬ ಮಾತು ಎರಡೂ ಕಡೆ ಒಂದೇ, ಆದರೆ ಯಾವುದರಲ್ಲಿ ಇಪ್ಪತ್ತು ಎಂದು ನಾನು ಕೇಳಿಕೊಂಡಿರಲೇ ಇಲ್ಲ. ನೂರಕ್ಕೆ ನಾಲ್ಕು ಉಳಿಯುತ್ತದೆ. ಎರಡೂವರೆ ಕಿಲೋ ನೂಲಿಗೆ ನೂರು ಗ್ರಾಂ. ಇಪ್ಪತ್ನಾಲ್ಕು ಕಂಬಳಿಗೆ ಎರಡು ಕಿಲೋ ನಾನ್ನೂರು ಗ್ರಾಂ, ಸರಿಯಾಗಿ ಇನ್ನೊಂದು ಕಂಬಳಿ. ಹೊಳೆವ್ವ ಗಾಳಿಯಲ್ಲಿ ಗೇಣು ಹಾಕಿ ಕಂಡದ್ದನ್ನು ಕಾಣಲು ನನಗೆ ಒಂದು ವರ್ಷ ಮತ್ತು ನೂರು ಫರಸಿ ಬೇಕಾದವು.

ಅಬ್ದುಲಗನಿ ನಾಲ್ಕು ಫರಸಿ ತಿರುಗಿ ಕೊಟ್ಟದ್ದಕ್ಕೆ ಚೇರಮನ್ನರು ಅವನನ್ನು ಎಲ್ಲರ ಮುಂದೆ ಹೊಗಳಿದರು. ಅಂದು ಹೇಳಬೇಕಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡೆ. ನಾಳೆಗೆ ನನ್ನ ಕಾಯಂ ನೌಕರಿಯ ಕಾಗದ ಸಹಿಗೆ ಹೋಗಿತ್ತು, ಬಂದ ಮೇಲೆ ಹೇಳೋಣ ಎಂದುಕೊಂಡೆ. ಬಂದ ಮೇಲೆ, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಿದರೆ ಏನು ಹೇಳಲಿ ಎಂದು ಹೆದರಿದೆ. ಹೀಗೆ ಮೂರು ವರ್ಷ ಕಳೆದೆ. ಹೊನವಾಡದವರು ನೂಲಿಗೆ ಬಂದಾಗ ಹೊಳೆವ್ವ ಹೇಗಿದ್ದಾಳೆ ಎಂದು ಬೇರೆ ಮಾತಿನ ನಡುವೆ ಕೇಳುತ್ತಿದ್ದೆ. ಅವಳಿಗೆ ಉಣ್ಣೆ ಕೊಡುವವರಿಲ್ಲ, ತಿಕೋಟಾ ಕಡೆಯ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುತ್ತಾಳೆ ಎನ್ನುತ್ತಿದ್ದರು. ಹೇಳುವಾಗ ಅವರೂ ನನ್ನ ಮುಖ ನೋಡುತ್ತಿರಲಿಲ್ಲ. ಅದೇಕೆಂದು ನನಗೆ ಹೊಳೆಯಲಿಲ್ಲ.

ಎಪ್ಪತ್ತೇಳರ ದೀಪಾವಳಿಗೆ ಊರಿಗೆ ಹೋದಾಗ ಅವ್ವ, ತಂಗಿಗೂ ಇಂಥದೇ ಒಂದು ಕಂಬಳಿ ನೇಯಿಸಿಕೊಡು ಎಂದು ಹಟ ಹಿಡಿದಳು. ನೇಯ್ದವಳ ಊರು ಹೇಳು, ನಾನೇ ಬಸ್ಸಿಗೆ ಹೋಗಿ ಹೇಳಿ ಬರುತ್ತೇನೆ, ಅವಳಿಗೆ ಒಂದು ಕುಪ್ಪಸದ ಖಣ ಕೊಟ್ಟು ಬರುತ್ತೇನೆ ಎಂದಳು. ನಾನು ಇನ್ನು ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ಅವ್ವ ಬೈಯಲಿಲ್ಲ. ಹೆಗಲ ಮೇಲಿದ್ದ ಕಂಬಳಿಯನ್ನು ತೆಗೆದು, ಮಡಚಿ, ನನ್ನ ಮುಂದೆ ಇಟ್ಟಳು.

"ನಾಕ ವರ್ಷ ಆ ಹೆಣಮಗಳ ಕಣ್ಣೀರ ನನಗ ಹೊಚ್ಚೀದಿ. ಕೊಟ್ಟ ಬಾ," ಎಂದಳು.

ಮಾರನೆಯ ದಿನವೇ ಹೊನವಾಡಕ್ಕೆ ಹೋದೆ. ಹೊಳೆವ್ವನ ಮನೆಯಲ್ಲಿ ಮಗ್ಗದ ಕುಣಿಗೆ ಹಲಗೆ ಮುಚ್ಚಿ, ಮೇಲೆ ಕೋಳಿ ಬುಟ್ಟಿ ಇಟ್ಟಿದ್ದಳು. ಬಡಕಲಾಗಿದ್ದಳು. ಬೆರಳ ತುದಿಗಳು ತೋಟದ ಔಷಧ ಹತ್ತಿ ನೀಲಿಯಾಗಿದ್ದವು. ನೀರು ಕೊಟ್ಟು ಎದುರಿಗೆ ಕೂತಳು. ನಾನು ಕಂಬಳಿ ಮುಂದಿಟ್ಟು, ಫರಸಿಯ ಕತೆಯಿಂದ ಹಿಡಿದು ಅವ್ವನ ಮಾತಿನವರೆಗೆ ಹೇಳಿದೆ. ಅವಳು ಕೈ ಚಾಚಿ ಕಂಬಳಿಯ ಅಂಚನ್ನು ಒಮ್ಮೆ ಮುಟ್ಟಿ, ಹಿಂದಕ್ಕೆ ತೆಗೆದುಕೊಂಡಳು.

"ಇದ ನಂದಲ್ರಿ, ಸಂಘದ ನೂಲು. ಇದನ್ನ ಮನ್ಯಾಗ ಇಟಗೊಂಡ್ರ ಅವ್ರು ಅಂದದ್ದ ಖರೇ ಆಗ್ತದ."

"ಹಂಗಾರ ಕಟ್ಟಿ ಮ್ಯಾಲ ನಿಂತು ಎಲ್ಲಾರ ಮುಂದ ಹೇಳ್ತೇನಿ. ನನ್ನ ಲೆಕ್ಕ ತಪ್ಪು, ಹನ್ನೆರಡೂ ಮನ್ಯಾಗ ನೂಲ ಉಳದಿತ್ತು, ನೀ ಒಬ್ಬಾಕಿನ ತಿರಿಗಿ ತಂದಿ ಅಂತ."

"ಉಳದ ಹನ್ನೊಂದ ಮನೀದು ಎಲ್ಲಿ ಹೋತು ಅಂತ ನಿಮ್ಮ ಚೇರಮನ್ನರು ಕೇಳೂದಿಲ್ಲೇನ್ರಿ?"

ಅವಳೇ ಬಿಡಿಸಿ ಹೇಳಿದಳು. ನೂಲು ಉಳಿದದ್ದು ಎಲ್ಲರಿಗೂ ಕಂಡಿತ್ತು. ಕಾರಕೂನ ತೂಗುತ್ತಾನೆ, ತೂಕ ಕಡಿಮೆಯಾದರೆ ಹೆದರಿಕೆ, ನೂಲು ತಿರುಗಿ ಕೊಟ್ಟರೆ ಅದಕ್ಕೂ ಹೆದರಿಕೆ. ಅದಕ್ಕೆ ಉಳಿದ ನೂಲನ್ನು ಮನೆಯಲ್ಲೇ ಇಟ್ಟುಕೊಂಡು, ಕಂಬಳಿಗೆ ನೂರು ಗ್ರಾಂನಷ್ಟು ಹೆಚ್ಚಿಗೆ ಗಂಜಿ ಬಳಿದು ತೂಕ ಸರಿಮಾಡಿ ತಂದಿದ್ದರು. ಅಮೋಘಿಯ ಕಂಬಳಿಗಳು ಹಪ್ಪಳದಂತೆ ಇದ್ದದ್ದು ನನಗೆ ಆಗ ನೆನಪಾಯಿತು.

"ನಿನಗ ಅವತ್ತ ಗೊತ್ತಿತ್ತಲ್ಲವ್ವ. ಅಲ್ಲೇ ಯಾಕ ಹೇಳಲಿಲ್ಲ?"

"ಹೇಳಿದ್ರ ಹನ್ನೊಂದ ಮಗ್ಗ ನಿಲ್ತಿದ್ದುವು. ಹೇಳಲಿಲ್ಲ, ಒಂದ ನಿಂತು." ಅವಳು ನನ್ನನ್ನು ನೇರವಾಗಿ ನೋಡಿದಳು. "ಕಟ್ಟಿಗೆ ನಡ್ರಿ. ತಕ್ಕಡಿ ಓದೂದು ತಪ್ಪಿದ್ದೆ ಅನ್ರಿ. ಹೊಳೆವ್ವನ ತೂಕ ಸರಿ ಇತ್ತು ಅನ್ರಿ. ಅಷ್ಟ ಸಾಕು."

"ಅದು ಸುಳ್ಳಾಗ್ತದಲ್ಲವ್ವ."

"ನಿಮ್ಮ ತಪ್ಪಿನ್ಯಾಗ ನಾ ನಾಕ ವರ್ಷ ಬಾಳೇ ಮಾಡೇನಿ. ನನ್ನ ಸುಳ್ಳಿನ್ಯಾಗ ನೀವು ಒಂದ ತಾಸು ನಿಂದ್ರೂದು ಆಗೂದಿಲ್ಲೇನ್ರಿ?"

ಬೇವಿನ ಗಿಡದ ಕಟ್ಟೆಯ ಮೇಲೆ ಅಮೋಘಿಯೂ ಸೇರಿ ಹತ್ತು ಹನ್ನೆರಡು ಮಂದಿ ಕೂತಿದ್ದರು. ಹೊಳೆವ್ವ ದೂರದಲ್ಲಿ ಸೆರಗು ಹೊದ್ದು ನಿಂತಳು. ನಾನು ಹೇಳಿದೆ. ಆಕೆ ಒಯ್ದ ನೂಲು ಅರವತ್ತು ಕಿಲೋ, ತಂದ ಮಾಲೂ ಅರವತ್ತು ಕಿಲೋ, ಒಂದು ಗ್ರಾಂ ಕಡಿಮೆ ಇರಲಿಲ್ಲ, ತಕ್ಕಡಿಯ ಮುಂದೆ ನಿಂತು ತಪ್ಪು ಓದಿದವನು ನಾನು, ಅವಳ ಹೆಸರು ಕೆಡಿಸಿದವನು ನಾನು ಎಂದೆ. ಯಾರಾದರೂ ಹೆಚ್ಚಿನ ಕಂಬಳಿಯ ಮಾತು ಎತ್ತುತ್ತಾರೆಂದು ಕಾಯುತ್ತಿದ್ದೆ. ಅದು ನನ್ನ ಬಗಲಲ್ಲೇ ಇತ್ತು, ಚೀಲದ ಬಾಯಿಂದ ಕರಿ ಅಂಚು ಹೊರಗೆ ಕಾಣುತ್ತಿತ್ತು. ಯಾರೂ ಎತ್ತಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು. ನಾನು ತಿರುಗಿ ನೋಡುವಷ್ಟರಲ್ಲಿ ಹೊಳೆವ್ವ ಮನೆಯ ಕಡೆ ಹೊರಟಿದ್ದಳು.

ಬಸ್ಸಿಗೆ ಕಾಯುತ್ತ ರಸ್ತೆಗೆ ಬಂದು ನಿಂತೆ. ಅಮೋಘಿ ಹಿಂದಿನಿಂದ ಬೇರೆ ದಾರಿಯಲ್ಲಿ ಬಂದ. ವಯಸ್ಸಾಗಿತ್ತು, ಏದುಸಿರು ಬಿಡುತ್ತಿದ್ದ.

"ತಕ್ಕಡಿ ತಪ್ಪಿರಲಿಲ್ಲ, ಅಲ್ರಿ?" ಎಂದು ಕೇಳಿದ.

"ಇರಲಿಲ್ಲ."

"ಆಕೀನ ಎಲ್ಲಾರಕಿಂತ ಮದಲ ಕಳ್ಳಿ ಅಂದಾವ ನಾನರಿ," ಎಂದ. ಆಮೇಲೆ ಚೀಲದ ಕಡೆ ಕೈ ತೋರಿಸಿದ. "ಅದು ಆಕೀದ ಏನ್ರಿ?"

ಹೌದೆಂದೆ. ಅವನು ಹೊರಗೆ ಕಾಣುತ್ತಿದ್ದ ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ನೇಕಾರರು ಸಂತೆಯಲ್ಲಿ ಮಾಡುವಂತೆ, ಮೆಲ್ಲಗೆ ತಿಕ್ಕಿ ನೋಡಿದ.

"ಹೆಚ್ಚಿಗಿ ಗಂಜಿ ಬಳದಿಲ್ಲ," ಎಂದ.

ತಿಕೋಟಾದ ಬಸ್ಸು ಬಂತು. ಹತ್ತಿ ಕೂತು ಕಿಟಕಿಯಿಂದ ನೋಡಿದಾಗ ಅಮೋಘಿ ಅಲ್ಲೇ ನಿಂತು ಆ ಎರಡು ಬೆರಳುಗಳನ್ನು ಧೋತರಕ್ಕೆ ಒರೆಸಿಕೊಳ್ಳುತ್ತಿದ್ದ.